ಅತ್ತೆ ಮತ್ತು ಒಗೆಯುವ ಕಲ್ಲು

ನಮ್ಮ ಅತ್ತೆಯನ್ನು ಊಟಕ್ಕೆ ಕರೆಯುವವರು ಅಡುಗೆ ಹೇಗಾದರೂ ಮಾಡಿಕೊಳ್ಳಲಿ, ಬಟ್ಟೆ ಒಗೆಯುವ ಕಲ್ಲನ್ನು ಮಾತ್ರ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು! ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವಳೇ ಹಿತ್ತಿಲಿಗೆ ನಡೆಯುತ್ತಾಳೆ. ಕುಕ್ಕರುಗಾಲಲ್ಲಿ ಕೂತು, ಒಗೆಯುವ ಕಲ್ಲಿನ ಅಡಿಗೆ ಕೈ ತೂರಿಸಿ ತಡವುತ್ತಾಳೆ. ನಮ್ಮೂರು ಬಂದಳಿಕೆಯ ಪಕ್ಕ. ಹಿಂದೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಈ ಸೀಮೆಯಲ್ಲಿ ಎಷ್ಟೋ. ಅವುಗಳ ಮುಖದ ತುಂಬ ಕೆತ್ತನೆ, ಬೆನ್ನು ಚಪ್ಪಟೆ. ಚಪ್ಪಟೆ ಕಲ್ಲು ಕಂಡರೆ ಯಾರು ಬಿಡುತ್ತಾರೆ? ಮುಖ ಮಣ್ಣಿಗೆ, ಬೆನ್ನು ಬಟ್ಟೆಗೆ!

ಒಮ್ಮೆ ಅತ್ತೆಯನ್ನು ಹಕ್ಕಿ ತೋರಿಸಲು ಗುಡವಿಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದೆ. ಈಕೆ ಕೆರೆಗೆ ಬೆನ್ನು ಹಾಕಿ, ಚರಂಡಿಯ ಮೇಲಿನ ಚಪ್ಪಡಿಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಳು.

“ಅತ್ತೆ, ಹಕ್ಕಿ ಆ ಕಡೆ ಅದಾವೆ.”

“ಅವು ಮುಂದಿನ ವರ್ಷನೂ ಬರ್ತಾವೆ ಬಿಡೋ,” ಎಂದಳು.

ಇಂಥವಳನ್ನು ತಂಗಿಯ ಮದುವೆ ಮಾತುಕತೆಗೆ ಕರೆದೊಯ್ದದ್ದು ನನ್ನದೇ ತಪ್ಪು. ಹುಡುಗನ ಮನೆ ಸೊರಬದ ಆಚೆ. ತಂಗಿಗೆ ಹುಡುಗ ತುಂಬಾ ಮೆಚ್ಚಿಗೆಯಾಗಿದ್ದ. ನಾವು ಹಿರಿಯರು ಹೋಗಿ ಮನೆ ನೋಡಿ ಬಂದರೆ ದಿನ ಗೊತ್ತುಮಾಡುವುದಷ್ಟೇ ಬಾಕಿ. ಅವಲಕ್ಕಿ ತಿಂದು ಕೈ ತೊಳೆಯಲು ಹೋದ ಅತ್ತೆ ಅರ್ಧ ಗಂಟೆಯಾದರೂ ಬರಲಿಲ್ಲ. ಬಂದಾಗ ಮೊಣಕೈವರೆಗೆ ಕೆಸರು, ಮುಖ ಮಾತ್ರ ಹಬ್ಬದ ಹಾಗೆ.

“ಮನೆ ಹೆಂಗೈತೆ ಅತ್ತೆ?” ಎಂದೆ.

“ಕೋಡು ಸಿಕ್ತು ಕಣೋ. ದನದ ಕೋಡು,” ಎಂದವಳೇ ಹುಡುಗನ ತಂದೆಯ ಕಡೆ ತಿರುಗಿದಳು. “ನಿಮ್ಮ ಹಿತ್ತಲಾಗೆ ಒಬ್ಬ ವೀರ ಮಕಾಡೆ ಮಲಗಿದಾನೆ ರೀ.”

ಅವರ ಮುಖ ಸಪ್ಪಗಾಯಿತು. “ಶುಭ ಕೆಲಸದ ಹೊತ್ತಲ್ಲಿ ಸತ್ತೋರ ಕಲ್ಲಿನ ಮಾತು ಯಾಕ್ರೀ?”

ಯಾವ ಕಾಲದಲ್ಲೋ ಯಾರೋ ಮಗುಚಿ ಹಾಕಿದ್ದು ಸರಿ, ವೀರಗಲ್ಲೆಂದು ಗೊತ್ತಾದ ಮೇಲೆ ಅದು ಮನೆಯ ಹತ್ತಿರ ಇರಬಾರದೆಂಬ ಅಂಜಿಕೆ ನಮ್ಮ ಕಡೆ ಇದ್ದದ್ದೇ. ತಂಗಿಯ ಮದುವೆ ಮುರಿಯಿತೆಂದೇ ಅಂದುಕೊಂಡು, ಹೊರಡೋಣವೆಂದು ಅತ್ತೆಗೆ ಕಣ್ಸನ್ನೆ ಮಾಡಿದೆ.

ಹುಡುಗನ ತಾಯಿ ಮಾತ್ರ ಮೆಲ್ಲಗೆ ಕೇಳಿದರು. “ನಿಮಗ್ಯಾಕ್ರೀ ಕಲ್ಲಿನ ಮೇಲೆ ಇಷ್ಟು ಜೀವ?”

ಇಷ್ಟು ವರ್ಷ ಅತ್ತೆಯನ್ನು ನೋಡಿ ನಕ್ಕ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

“ಮದುವೆ ಆಗೋವರೆಗೂ ತೌರುಮನೆ ಕಲ್ಲಿನ ಮೇಲೆ ಬಟ್ಟೆ ಬಡಿದೀನಿ,” ಎಂದಳು ಅತ್ತೆ. “ಅಣ್ಣ ಹೊಸ ಮನೆ ಕಟ್ಟುವಾಗ ಅದನ್ನ ಒಡೆದು ಪಾಯಕ್ಕೆ ಹಾಕಿಸಿದ. ನೋಡಾಕೆ ಹೋದ್ರೆ ಒಂದು ಚೂರಿನಾಗೆ ದನ, ಇನ್ನೊಂದರಾಗೆ ಒಬ್ಬ ವೀರನ ಮುಖ. ಊರ ದನ ಉಳಿಸಾಕೆ ಹೋಗಿ ಸತ್ತೋನು. ಅವನ ಬೆನ್ನಿಗೆ ದಿನಾ ಬಡಿದೆ, ಒಂದಿನಾನೂ ಮುಖ ನೋಡ್ಲಿಲ್ಲ.”

ಆ ಪಾಯದ ಮೇಲಿನ ಮನೆಯಲ್ಲೇ ನಾನು ಹುಟ್ಟಿ ಬೆಳೆದದ್ದು. ನನಗೆ ನಾಚಿಕೆಯಾಯಿತು.

ಹುಡುಗನೇ ಎದ್ದು ಹಾರೆ ತಂದ. ನಾಲ್ಕು ಜನ ಸೇರಿ ಕಲ್ಲು ಮಗುಚಿದೆವು. ಅತ್ತೆ ಆ ವೀರನ ಮುಖಕ್ಕೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ, “ತಡ ಆಯ್ತಪ್ಪ,” ಎಂದಳು.

ಹುಡುಗನ ತಾಯಿ ಒಳಗಿನಿಂದ ಅರಿಶಿನ ಕುಂಕುಮದ ಬಟ್ಟಲು ತಂದು ಮೊದಲು ಕಲ್ಲಿಗೆ ಹಚ್ಚಿದರು, ಆಮೇಲೆ ಅತ್ತೆಗೆ. ಗಂಡನ ಕಡೆ ತಿರುಗಿ, “ಈ ವೀರನ್ನ ನಾಳೆ ಊರ ಕಟ್ಟೆ ಹತ್ರ ನಿಲ್ಲಿಸಿದ್ರಾತು. ನೀವೀಗ ಪಂಚಾಂಗ ತನ್ನಿ,” ಎಂದರು.