ಮೂರು ಪಿಸ್ಟನ್ನುಗಳ ಮೇಲೆ ನನ್ನ ಕಣ್ಗಾವಲು

ಪತ್ರಿಕೆಯೊಂದರ ಚಳ್ಳಕೆರೆ ವರದಿಗಾರನಾದ ನನ್ನನ್ನು ಇದುವರೆಗೆ ಯಾರೂ ಏಮಾರಿಸಿಲ್ಲ. ಎರಡು ಕಡೆಯಿಂದ ಖಚಿತವಾಗದೆ ನಾನು ಏನನ್ನೂ ನಂಬುವುದಿಲ್ಲ. ಮನೆಯಲ್ಲಿ ಹೆಂಡತಿ ಸುಮಂಗಲ "ಅನ್ನ ಆಗೈತೆ" ಎಂದರೂ ಒಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ.

ಹೀಗಿರುವಾಗ ನಮ್ಮ ಹಳೆಯ ಕಾರು ಹೊಗೆ ಉಗುಳತೊಡಗಿತು. ಮೆಕ್ಯಾನಿಕ್ ಓಬಯ್ಯನವರು ಸೈಲೆನ್ಸರ್ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಮೂಸಿ, ತೀರ್ಪು ಕೊಟ್ಟರು.

"ಪಿಸ್ಟನ್ ರಿಂಗ್ ಸವದಾವೆ ಸಾರ್. ಆಯಿಲ್ ಕುಡೀತೈತೆ. ಇಂಜಿನ್ ಬಿಚ್ಚಬೇಕು."

ಎಣ್ಣೆ ಗಿರಣಿಗಳ ಊರಿನ ಕಾರು ಎಣ್ಣೆ ಕುಡಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬರೀ ಮೂಸಿ ನೋಡಿ ಇಂಜಿನ್ ಬಿಚ್ಚುವುದೆ? ನನಗೆ ಅನುಮಾನ ಬಂತು.

ಸುಮಂಗಲಳಿಗೆ ಅದೆಲ್ಲ ಬೇಕಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತಂದು ಚಿತ್ರದುರ್ಗದ ಮೇಳದಲ್ಲಿ ಮೊದಲ ಸಲ ಮಳಿಗೆ ಹಾಕುವವಳಿದ್ದಳು. "ಶನಿವಾರ ಕಾರು ಬೇಕೇ ಬೇಕು ಕಣ್ರೀ. ಓಬಯ್ಯಣ್ಣ ಮಾಡ್ತಾರೆ, ನೀವು ಸುಮ್ನಿರ್ರಿ."

ಸುಮ್ಮನಿರುವುದು ವೃತ್ತಿಧರ್ಮವಲ್ಲ. ನೋಟ್‌ಬುಕ್ ಹಿಡಿದು ಗ್ಯಾರೇಜಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ಓಬಯ್ಯ ಮೂರು ಪಿಸ್ಟನ್ನುಗಳಿಗೆ ಹೊಸ ರಿಂಗ್ ತೊಡಿಸಿ, ಎಣ್ಣೆ ಸವರಿ, ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದರು. "ಊಟ ಮಾಡ್ಕೊಂಡು ಬರ್ತೀನಿ ಸಾರ್. ಹೆಂಗೂ ನೀವು ಇದ್ದೀರಲ್ಲ" ಎಂದು ಹೊರಟರು.

ನಾನು ತಕ್ಷಣ ಸ್ಥಳ ಪರಿಶೀಲನೆ ಆರಂಭಿಸಿದೆ. ಒಂದೊಂದು ಪಿಸ್ಟನ್ನಿಗೆ ಮೂರು ರಿಂಗು. ರಿಂಗು ಪೂರ್ತಿ ಬಳೆಯಲ್ಲ, ಒಂದು ಕಡೆ ಸೀಳು ಇರುತ್ತದೆ. ಓಬಯ್ಯ ಏನು ಮಾಡಿದ್ದರೆಂದರೆ, ಒಂದರ ಸೀಳು ಪೂರ್ವಕ್ಕೆ, ಇನ್ನೊಂದರದು ಪಶ್ಚಿಮಕ್ಕೆ, ಮತ್ತೊಂದರದು ಎತ್ತಲೋ! ಎಂಥ ಬೇಜವಾಬ್ದಾರಿ! ಅಷ್ಟೇ ಅಲ್ಲ, ಮೇಲಿನ ರಿಂಗುಗಳ ಮೇಲೊಂದು ಸಣ್ಣ ಚುಕ್ಕೆ. ಹೊಸ ಮಾಲಿಗೆ ಗುರುತು ಏಕೆ? ಹಳೆಯದನ್ನು ತೊಳೆದು ಹಾಕಿರಬಹುದೆ? 'ಚುಕ್ಕೆ: ಸಂಶಯಾಸ್ಪದ' ಎಂದು ಬರೆದುಕೊಂಡೆ.

ರಿಂಗುಗಳನ್ನು ಹುಷಾರಾಗಿ ಅಗಲಿಸಿ ಬಿಚ್ಚಿ ನೋಡಿದೆ. ಒಂದೂ ಮುರಿಯಲಿಲ್ಲ. ಅದನ್ನು ನನ್ನ ಪ್ರತಿಭೆಯೆಂದು ತಿಳಿದೆ. ಮತ್ತೆ ತೊಡಿಸುವಾಗ ಅಂದ ಕೆಡಿಸುವ ಚುಕ್ಕೆ ಕೆಳಗೆ ಹೋಗುವಂತೆ ತಿರುಗಿಸಿ, ಮೂರೂ ಸೀಳುಗಳನ್ನು ಒಂದೇ ನೇರಕ್ಕೆ ತಂದೆ. ಪುಟದ ಕಾಲಂ ಜೋಡಿಸಿ ಪಳಗಿದ ಕೈ. ಒಂಬತ್ತು ರಿಂಗು, ಮೂರು ನೇರ ಗೆರೆ. ಅಚ್ಚುಕಟ್ಟು!

ಓಬಯ್ಯ ಬಂದವರೇ ಪಿಸ್ಟನ್ನುಗಳನ್ನು ಇಂಜಿನ್ನಿಗೆ ಇಳಿಸಿದರು. ನಾನು ಮಾಡಿದ ತಿದ್ದುಪಡಿಯನ್ನು ಅವರು ಗಮನಿಸಲೇ ಇಲ್ಲ. 'ಕೆಲಸದ ಮೇಲೆ ಗಮನವಿಲ್ಲ' ಎಂದು ಅದನ್ನೂ ಬರೆದುಕೊಂಡೆ.

ಶನಿವಾರ ಮೊಳಕಾಲ್ಮೂರು ತಲುಪುವಷ್ಟರಲ್ಲಿ ಹೊಗೆಯಲ್ಲಿ ನಮ್ಮ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ನೇಕಾರರ ಮನೆಯ ಪದ್ಮಕ್ಕ ಮಗ್ಗ ಬಿಟ್ಟು ಎದ್ದು ಬಂದರು.

"ಅಯ್ಯೋ ದೇವುಡಾ! ಏನ್ ಸುಮಂಗಲಮ್ಮ, ಇಟ್ಟಿಗೆ ಗೂಡು ಹೊಡ್ಕೊಂಡು ಬಂದೀರಾ? ಈ ಗಾಡ್ಯಾಗೆ ಸೀರೆ ಇಡಲ್ಲಮ್ಮ ನಾನು. ರೇಷ್ಮೆಗೆ ಈ ವಾಸ್ನೆ ಹತ್ತಿದ್ರೆ ಯಾರ್ ತಗಂತಾರೆ?"

ಸುಮಂಗಲ ನನ್ನ ಮುಖ ನೋಡಲಿಲ್ಲ. ಸೀರೆಗಳ ಎರಡು ಗಂಟು ಹೊತ್ತುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು. ಕಿಟಕಿಯಿಂದ ಒಂದೇ ಮಾತು: "ಸೀಟು ಸಿಕ್ಕಿಲ್ಲ, ನಿಂತ್ಕೊಂಡೇ ಹೋಗ್ತೀನಿ."

ನನ್ನ ರಕ್ತ ಕುದಿಯಿತು. ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ನುಗ್ಗಿ, ಟ್ರ್ಯಾಕ್ಟರ್ ರಿಪೇರಿಗೆ ಬಂದಿದ್ದ ರೈತರೆಲ್ಲರ ಎದುರೇ ಘೋಷಿಸಿದೆ. "ಓಬಯ್ಯನವರೇ, ನೀವು ಹಾಕಿರೋದು ಹಳೇ ರಿಂಗು. ನನ್ನ ಹತ್ತಿರ ಟಿಪ್ಪಣಿ ಇದೆ!"

ಓಬಯ್ಯ ಸ್ಪ್ಯಾನರ್ ಕೈಗೆತ್ತಿಕೊಂಡರು. ರೈತರೆಲ್ಲ ಸುತ್ತ ನಿಂತು ನೋಡುತ್ತಿರುವಂತೆ ಸಂಜೆಯವರೆಗೆ ಇಂಜಿನ್ ಬಿಚ್ಚಿದರು. ಮೊದಲ ಪಿಸ್ಟನ್ ಎಳೆದು ನೋಡಿದರು. ಎರಡನೆಯದು. ಮೂರನೆಯದು. ಆಮೇಲೆ ಅಲ್ಲೇ ನೆಲಕ್ಕೆ ಕೂತರು.

"ತಪ್ಪು ನಂದೇ ಸಾರ್. ಸೀಳು ಒಂದೇ ಸಾಲಿಗೆ ಬಂದ್ರೆ ಒತ್ತಡ ಅಲ್ಲಿಂದ್ಲೇ ಸೋರ್ತೈತೆ, ಅದಕ್ಕೇ ಒಂದೊಂದು ದಿಕ್ಕಿಗೆ ಇಡಾದು. ಚುಕ್ಕೆ ಮ್ಯಾಲೇ ಬರಬೇಕು. ಕೆಳಗಾದ್ರೆ ರಿಂಗು ಆಯಿಲ್ ಕೆಳಕ್ಕೆ ತಳ್ಳಾದು ಬಿಟ್ಟು ಮ್ಯಾಲಕ್ಕೆ ಎಳಕಂತೈತೆ. ಕೆಲ್ಸ ಕಲಿತ ಮೊದಲ್ನೇ ವಾರ ಹೇಳ್ಕೊಡೋ ಪಾಠ ಇದು. ನಾನೇ ಹಿಂಗೆ ಹಾಕೀನಿ ಅಂದ್ರೆ ಕಣ್ಣು ಹೋದ್ವು ಅಂತ ಅರ್ಥ. ಇನ್ನು ಗ್ಯಾರೇಜು ಮುಚ್ಚಾದೇ ವಾಸಿ."

ರೈತರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮೆಲ್ಲಗೆ ತನ್ನ ಟ್ರ್ಯಾಕ್ಟರಿನ ಕಡೆ ಸರಿದ.

ಆರೋಪಿ ತಪ್ಪೊಪ್ಪಿಕೊಂಡಿದ್ದ. ಆದರೆ ತಪ್ಪು ಮಾಡಿದ್ದು ವರದಿಗಾರ!

"ಓಬಯ್ಯನವರೇ, ನೀವು ಊಟಕ್ಕೆ ಹೋದಾಗ... ನಾನು... ಸ್ವಲ್ಪ ಸರಿ ಮಾಡಿದೆ."

"ಏನ್ ಸರಿ ಮಾಡಿದ್ರಿ?"

"ಎಲ್ಲಾ."

ಓಬಯ್ಯ ನಿಧಾನವಾಗಿ ಎದ್ದು ಕೈ ಒರೆಸಿಕೊಂಡರು. "ಪೇಪರಿನೋರು ಕಾಯ್ಕೊಂಡು ಕುಂತಾರೆ, ಯಾರು ಮುಟ್ತಾರೆ ಅಂತ ನಾನು ಮತ್ತೆ ನೋಡ್ಲೇ ಇಲ್ಲ ಸಾರ್. ನಿಮ್ಮನ್ನ ನಂಬಿದ್ದೆ."

ಆ ಮಾತಿಗಿಂತ ಸ್ಪ್ಯಾನರ್ ಎಸೆದಿದ್ದರೆ ಚೆನ್ನಾಗಿತ್ತು. ಒಬ್ಬ ರೈತ ಜೋರಾಗಿ ನಕ್ಕ. "ಓಬಯ್ಯಣ್ಣಾ, ಕಣ್ಣು ಚೆಂದಾಗೇ ಅವೆ. ಕಾವಲುಗಾರನ್ನ ಬದ್ಲಾಯಿಸು!" ಸರಿದು ಹೋಗಿದ್ದವನೂ ಟ್ರ್ಯಾಕ್ಟರ್ ಬಿಟ್ಟು ವಾಪಸ್ ಬಂದ.

ಮೂರು ದಿನದ ನಂತರ ಓಬಯ್ಯನವರೇ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಒಂದು ಎಳೆ ಹೊಗೆಯೂ ಇಲ್ಲ. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಕೀಲಿಯನ್ನು ಸುಮಂಗಲಳ ಕೈಗೆ ಕೊಟ್ಟರು.

"ಓಬಯ್ಯಣ್ಣ, ಯಾವ ಹಿಡಿ ಎಳೆದ್ರೆ ಬಾನೆಟ್ ತೆರಕಂತೈತೆ ಅಂತ ಇವ್ರಿಗೆ ಹೇಳಬ್ಯಾಡ್ರಿ" ಎಂದಳು ಆಕೆ.

"ದೇವರಾಣೆ ಹೇಳಲ್ಲಮ್ಮ."

ಅದು ಯಾವುದೆಂದು ನನಗೆ ಮೊದಲಿಂದಲೂ ಗೊತ್ತಿರಲಿಲ್ಲ. ಸಂದರ್ಭದ ಸೂಕ್ಷ್ಮತೆಯ ಕಾರಣ ಆ ಮಾಹಿತಿಯನ್ನು ನಾನು ಬಹಿರಂಗಪಡಿಸಲಿಲ್ಲ!