ಹೆಂಡತಿಗೂ ಹೇಳೋ ಹಾಗಿಲ್ಲ

ವೃಷಭೇಂದ್ರ ಆ ಬೆಳಿಗ್ಗೆ ಫೋನನ್ನು ಚಾರ್ಜಿಗೆ ಹಾಕಿ ಅರಿಶಿನದ ಹೊಲಕ್ಕೆ ಹೋದದ್ದೇ ತಪ್ಪಾಯಿತು. ಒಂಬತ್ತು ಗಂಟೆಗೆ ಅದು ಬಡಿದುಕೊಂಡಿತು. ಹೆಂಡತಿ ಮಂಗಳಗೌರಿ ಹಿಟ್ಟಿನ ಕೈಯಲ್ಲೇ ಎತ್ತಿ, ಕಿವಿಗೆ ಹಿಟ್ಟು ಮೆತ್ತೀತೆಂದು ಸ್ಪೀಕರ್ ಒತ್ತಿದಳು.

"ವೃಷಭೇಂದ್ರ ಅವ್ರು ಇದ್ದಾರಾ?" ಹೆಣ್ಣು ದನಿ. ಜೇನಿನಂಥ ದನಿ.

"ಒಲದಲ್ಲವ್ರೆ. ನೀನ್ಯಾರವ್ವ?"

"ಅದನ್ನ ಅವ್ರಿಗೇ ಹೇಳ್ಬೇಕು ಕಣಮ್ಮ."

"ನಾನು ಅವ್ರ ಎಂಡ್ತಿ."

"ಹೆಂಡತಿಗೂ ಹೇಳೋ ಹಾಗಿಲ್ಲಮ್ಮ. ಮೂರು ಗಂಟೆಗೆ ಬರ್ಬೇಕಂತೆ ಅಂದ್ರೆ ಸಾಕು, ಅವ್ರಿಗೆ ಗೊತ್ತಾಗುತ್ತೆ," ಎಂದು ದನಿ ಕಟ್ಟಾಯಿತು.

ದೊಡ್ಡಗಾಜನೂರಿನಲ್ಲಿ ಮನೆಗಳ ನಡುವಿನ ಗೋಡೆ ಎದೆಯೆತ್ತರಕ್ಕಿಂತ ಮೇಲೆ ಏಳುವುದಿಲ್ಲ. ಆಚೆ ಬದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟಬಸಮ್ಮನ ತಲೆ ನಿಧಾನವಾಗಿ ಮೇಲೆದ್ದಿತು, ಹುತ್ತದಿಂದ ಹಾವು ಎದ್ದ ಹಾಗೆ.

"ಮೂರು ಗಂಟ್ಗ ಎಲ್ಗವ್ವ ಬರ್ಬೇಕಂತೆ?" ಎಂದಳು.

ನಿಜ ಸಂಗತಿ ಇಷ್ಟೇ. ಎರಡು ತಿಂಗಳ ಹಿಂದಿನವರೆಗೆ ವೃಷಭೇಂದ್ರ ಊರಿನ ಆನೆ ಕಾವಲಿಗೆ ಮುಂದಾಳು. ಕಾಡಂಚಿನ ಹೊಲಗಳಿಗೆ ಆನೆ ನುಗ್ಗಿತೆಂದರೆ ಟಾರ್ಚು, ತಗಡಿನ ಡಬ್ಬ ಹಿಡಿದು ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಅವನೇ. "ಆನೆ ವೃಷಭಣ್ಣ" ಎಂದರೆ ಜೀರಹಳ್ಳಿಯವರೆಗೂ ಹೆಸರು. ಅಂಥವನಿಗೆ ಒಂದು ದಿನ ಏನೋ ಆಯಿತು. ಅಂದಿನಿಂದ ಕುಕ್ಕರ್ ಕೂಗಿದರೂ ಮೈ ನಡುಗುತ್ತಿತ್ತು. ಮೊಣಕಾಲು ನೋವೆಂದು ಸುಳ್ಳು ಹೇಳಿ ಕಾವಲು ಬಿಟ್ಟ. ಕೊನೆಗೆ ಯಾರಿಗೂ ತಿಳಿಯದಂತೆ ತಾಳವಾಡಿಯಲ್ಲಿ ಗೊಬ್ಬರದಂಗಡಿಯ ಮೇಲಿದ್ದ 'ನೆಮ್ಮದಿ' ಎಂಬ ಆಪ್ತಸಲಹಾ ಕೇಂದ್ರದ ಮೆಟ್ಟಿಲು ಹತ್ತಿದ. ಮೊದಲ ದಿನ ಅವರು ಕೊಟ್ಟ ಫಾರಂನಲ್ಲಿ 'ಮನೆಯವರಿಗೆ ವಿಷಯ ತಿಳಿಸಬಹುದೇ?' ಎಂದಿತ್ತು. 'ಬೇಡ' ಎಂಬಲ್ಲಿ ಕಾಗದ ಹರಿಯುವಷ್ಟು ಒತ್ತಿ ಗೀಟು ಹಾಕಿದ್ದ. ಬೆಳಿಗ್ಗೆ ಫೋನ್ ಮಾಡಿದ, ಅಲ್ಲಿ ಕೆಲಸ ಮಾಡುವ ಲೋಕೇಶ್ವರಿ ಆ ಗೀಟಿಗೆ ತಕ್ಕಂತೆ ನಡೆದುಕೊಂಡಿದ್ದಳು, ಅಷ್ಟೆ.

ಹನ್ನೊಂದಕ್ಕೆ ಅವನು ಹೊಲದಿಂದ ಬಂದಾಗ ಮುದ್ದೆ ಬೆಂದಿರಲಿಲ್ಲ. ಮಂಗಳಗೌರಿ ಕಂಬಕ್ಕೆ ಒರಗಿ ಕುಳಿತಿದ್ದಳು. ಪುಟ್ಟಬಸಮ್ಮ ಮೊರದ ಸಮೇತ ಈಚೆಗೆ ಬಂದು ಕೂತಿದ್ದಳು.

"ಯಾರು ಅವ್ಳು?" ಎಂದಳು ಮಂಗಳಗೌರಿ.

ಅವನಿಗೆ ತಟ್ಟನೆ ಎಲ್ಲ ಅರ್ಥವಾಯಿತು. "ಅದು... ತೋಟಗಾರಿಕೆ ಆಫೀಸ್ನೋರು ಕಣ. ಸಸಿ ಕೊಡ್ತಾರಂತೆ."

"ನಮ್ಮಕ್ಕನ ಮಗ ಅಲ್ಲೇ ಇರದು," ಪುಟ್ಟಬಸಮ್ಮ ಕಾಯಿ ಸುಲಿಯುತ್ತಲೇ ಹೇಳಿದಳು. "ಆ ಆಫೀಸಲ್ಲಿ ಎಂಗ್ಸೇ ಇಲ್ಲ. ಲೆಕ್ಕಕ್ಕ ಒಂದು ಬೆಕ್ಕದ, ಅದೂ ಗಂಡು."

"ಅಂಗಾರ ರಾಂಗ್ ನಂಬ್ರು ಇರ್ಬೇಕು."

"ನಿಮ್ಮ ಎಸರು ಏಳಿ ಕರುದ್ಲು. ರಾಂಗ್ ನಂಬ್ರಿಗೆ ನಿಮ್ಮೆಸರು ಎಂಗ್ ಗೊತ್ತು?" ಎಂದು ಮಂಗಳಗೌರಿ ಎದ್ದು ಒಳಗೆ ಹೋದಳು. ಮಂಚದ ಕೆಳಗಿಂದ ಬ್ಯಾಗು ಎಳೆದ ಸದ್ದು ಕೇಳಿಸಿತು. ಹಾಸನೂರಿನ ತವರಿಗೆ ಅವಳು ಹಬ್ಬಕ್ಕಲ್ಲದೆ ಹೋದವಳಲ್ಲ. ಅದು ಹಬ್ಬದ ಕಾಲವಾಗಿರಲಿಲ್ಲ.

ಅಷ್ಟರಲ್ಲಿ ಊರ ಹಿರಿಯ ಚಿಕ್ಕಬಸಪ್ಪ ಬಂದರು. ಯಾರು ಕರೆದರೋ ಗೊತ್ತಿಲ್ಲ. ಜಗಳ ಇದ್ದಲ್ಲಿಗೆ ಅವರು ಇರುವೆ ಬೆಲ್ಲಕ್ಕೆ ಬರುವಂತೆ ತಾವೇ ದಾರಿ ಹುಡುಕಿಕೊಂಡು ಬರುತ್ತಿದ್ದರು. ವೃಷಭೇಂದ್ರ ಕಾವಲು ಬಿಟ್ಟ ಮೇಲೆ ಅದರ ಉಸ್ತುವಾರಿಯೂ ಅವರ ಹೆಗಲಿಗೇ ಬಿದ್ದಿತ್ತು.

"ಫೋನ್ ತತ್ತಾ ಇಲ್ಲಿ," ಎಂದು ಬೆಳಿಗ್ಗೆ ಬಂದ ನಂಬರಿಗೇ ಫೋನ್ ಮಾಡಿದರು. "ಏನವ್ವ, ನಮ್ಮ ವೃಷಭೇಂದ್ರ ನಿಮ್ಮತ್ರ ಬತ್ತಾನಾ?"

"ಆ ಹೆಸರಿನೋರು ಬರ್ತಾರೋ ಇಲ್ವೋ ಅನ್ನೋದನ್ನೂ ಹೇಳೋ ಹಾಗಿಲ್ಲ ಸಾರ್."

"ಎಲ್ಗೆ ಬರದು ಅಂತಾನಾರ ಏಳು."

"ಅದನ್ನೂ ಹೇಳೋ ಹಾಗಿಲ್ಲ ಸಾರ್."

ಚಿಕ್ಕಬಸಪ್ಪ ಫೋನನ್ನು ನೆಲದ ಮೇಲಿಟ್ಟರು, ಬಿಸಿ ಕೆಂಡ ಇಟ್ಟ ಹಾಗೆ. "ಗಂಧದ ಕಳ್ರೂ ಇಷ್ಟು ಬಿಗಿಯಾಗಿ ಇರ್ನಿಲ್ಲ ಕಣ್ಲಾ. ಏನ್ ವ್ಯವಾರ ನಿಂದು?"

ಮಂಗಳಗೌರಿ ಬ್ಯಾಗು ಹಿಡಿದು ಹೊರಗೆ ಬಂದಳು. ವೃಷಭೇಂದ್ರ ದಾರಿಗೆ ಅಡ್ಡ ನಿಂತ. ಇಪ್ಪತ್ತು ವರ್ಷದ ಸಂಸಾರ. ಊರು ಏನಾದರೂ ಅಂದುಕೊಳ್ಳಲಿ, ಇವಳು ಹಾಗೆ ಅಂದುಕೊಂಡು ಬಸ್ಸು ಹತ್ತಬಾರದು.

"ಬಾ, ತೋರಿಸ್ತೀನಿ," ಎಂದ.

'ಬಾ' ಎಂದದ್ದು ಒಬ್ಬಳಿಗೆ. ಕೋಸಿನ ಮೂಟೆ ತುಂಬಿ ತಾಳವಾಡಿಗೆ ಹೊರಟಿದ್ದ ಗೂಡ್ಸ್ ಆಟೋ ಹತ್ತಿದವರು ನಾಲ್ವರು. ಪುಟ್ಟಬಸಮ್ಮ ದಾರಿಯುದ್ದಕ್ಕೂ ಎದುರಿಗೆ ಸಿಕ್ಕವರಿಗೆಲ್ಲ ಕೈಸನ್ನೆಯಲ್ಲೇ ಇಡೀ ಕತೆ ಹೇಳುತ್ತ ಬಂದಳು.

ಹದಿನೆಂಟು ಮೆಟ್ಟಿಲು ಹತ್ತಿ ಒಳಗೆ ಹೋದರು. ಆಪ್ತಸಲಹೆಗಾರ್ತಿ ಪರಿಮಳ ಮೇಡಮ್ ಎದ್ದು ನಿಂತು ನಾಲ್ವರಿಗೂ ಒಂದೇ ಅಳತೆಯಲ್ಲಿ ಕೈಮುಗಿದರು.

"ನಮಸ್ಕಾರ. ಯಾರನ್ನ ನೋಡ್ಬೇಕಿತ್ತು?"

"ಮೇಡಮ್, ನಾನು ಕಣ್ ಮೇಡಮ್!" ಎಂದ ವೃಷಭೇಂದ್ರ.

ಬೇರೆಯವರ ಎದುರಿನಲ್ಲಿ ಅವನಾಗಿ ಒಪ್ಪಿಗೆ ಕೊಡುವ ತನಕ ಗುರುತು ತೋರಿಸಬಾರದು ಎಂಬುದು ಅವರ ನಿಯಮ. "ಕೂತ್ಕೊಳ್ಳಿ," ಎಂದರು, ಯಾರೋ ದಾರಿಹೋಕನಿಗೆ ಹೇಳುವಂತೆ.

"ನೋಡುದ್ರಾ, ಗುರ್ತೇ ಇಲ್ದಂಗೆ ಎಂಗ್ ಆಡ್ತಾಳ!" ಎಂದು ಪುಟ್ಟಬಸಮ್ಮ ಮಂಗಳಗೌರಿಯ ತೋಳು ಚಿವುಟಿದಳು.

"ನಾನು ಇಲ್ಲಿಗೆ ಬತ್ತೀನಿ ಅಂತ ಏಳ್ಬುಡಿ ಮೇಡಮ್. ಯಾಕೆ ಬತ್ತೀನಿ ಅಂತಾನೂ ಇವ್ಳಿಗೆ ಏಳ್ಬುಡಿ. ನನ್ನ ಸಂಸಾರ ಒಡ್ದೋಯ್ತದ!"

ಪರಿಮಳ ಒಂದು ಕಾಗದ ತೆಗೆದರು. ಗಡಿಯೂರಿನ ಎಲ್ಲ ಕಾಗದಗಳಂತೆ ಒಂದು ಮಗ್ಗುಲಲ್ಲಿ ತಮಿಳು, ಇನ್ನೊಂದು ಮಗ್ಗುಲಲ್ಲಿ ಕನ್ನಡ. "ನಿಮ್ಮ ಮಾತು ನಮ್ಮ ಬೀರುವಿನಲ್ಲಿ ಬೀಗದೊಳಗಿದೆ. ಫೈಲಿನ ಮೇಲೆ ಹೆಸರೂ ಇಲ್ಲ, ನಂಬರ್ ಮಾತ್ರ. ಯಾರದ್ದಾದ್ರೂ ಜೀವಕ್ಕೆ ಅಪಾಯ ಅಂದಾಗ, ಇಲ್ಲ ಕೋರ್ಟು ಕೇಳಿದಾಗ ಬಿಟ್ರೆ ನಾವಾಗಿ ತೆಗೆಯಲ್ಲ. ಯಾರಿಗೆ ಹೇಳ್ಬೇಕು, ಎಷ್ಟು ಹೇಳ್ಬೇಕು ಅಂತ ನೀವೇ ಬರೀರಿ. ನಾಳೆ ಬೇಡ ಅನ್ನಿಸಿದ್ರೆ ವಾಪಸ್ಸು ತಗೋಬಹುದು."

ವೃಷಭೇಂದ್ರ ಪೆನ್ನು ಕೈಗೆ ತೆಗೆದುಕೊಂಡ. ಹುಟ್ಟಿದಂದಿನಿಂದ ಅವನದು ಎಂಬುದೆಲ್ಲ ಊರಿನದ್ದೂ ಆಗಿತ್ತು. ಅವನ ಎತ್ತಿಗೆ ಹೊಟ್ಟೆಯುಬ್ಬರವಾದದ್ದು, ಮದುವೆಯಲ್ಲಿ ಅವನು ಅತ್ತದ್ದು, ಹಲ್ಲು ಕೀಳಿಸಿಕೊಂಡದ್ದು, ಎಲ್ಲವೂ ಎಲ್ಲರಿಗೂ ಗೊತ್ತು. ಅವನು ಕೈ ಹಾಕಿದರೆ ಮಾತ್ರ ತೆರೆಯುವಂಥದ್ದು ಲೋಕದಲ್ಲಿ ಇದೊಂದೇ.

ನಿಧಾನವಾಗಿ 'ಮಂಗಳಗೌರಿ' ಎಂದು ಬರೆದ.

"ನನ್ನ ಎಸರೂ ಬರ್ದು ರುಜು ಆಕ್ಲಾ," ಎಂದು ಚಿಕ್ಕಬಸಪ್ಪ ಹೆಗಲ ಮೇಲಿಂದ ಬಗ್ಗಿದರು. "ಊರಿಗೆ ನ್ಯಾಯ ಏಳೋನು ನಾನು."

ಚಿಕ್ಕಬಸಪ್ಪನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬೆಟ್ಟವೆಲ್ಲ ಸುತ್ತುತ್ತದೆ. ಆನೆಗೆ ಹೆದರಿದ ಆನೆ ವೃಷಭಣ್ಣ! ಅವನು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ. ಲೋಕೇಶ್ವರಿ ಉಳಿದಿಬ್ಬರನ್ನು ಹೊರಗಿನ ಬೆಂಚಿಗೆ ಕರೆದೊಯ್ದಳು.

ಒಳಗೆ ಬಾಗಿಲು ಮುಚ್ಚಿತು. "ನಾನು ಹೇಳ್ಲಾ, ನೀವೇ ಹೇಳ್ತೀರಾ?" ಎಂದರು ಪರಿಮಳ.

"ನಾನೇ ಏಳ್ತೀನಿ." ಅವನು ನೆಲ ನೋಡುತ್ತ ಹೇಳಿದ. "ಮುಸುಕಿನ ಜೋಳ ಮುರಿಯೋ ಇಂದ್ಲ ದಿವ್ಸ ಟಾರ್ಚು ಕೆಟ್ಟೋಯ್ತು ಕಣ. ಬಡುದ್ರೂ ಅತ್ನಿಲ್ಲ. ತಲೆ ಎತ್ತುದ್ರ ಆನೆ ಎದುರ್ಗೇ ನಿಂತದ. ಅದ್ರ ಒಟ್ಟೆ ಗುಡುಗೋದು ನನ್ಗ ಕೇಳುಸ್ತು. ಅದು ಏನೂ ಮಾಡ್ನಿಲ್ಲ, ನೋಡ್ತು, ಓಯ್ತು. ನಾನು ಅಲ್ಲೇ ನಿಂತಿವ್ನಿ. ಇವತ್ಗೂ ಅಲ್ಲೇ ನಿಂತಂಗದ."

"ಕುಕ್ಕರ್ ಕೂಗ್ದಾಗ್ಲೆಲ್ಲ ಬೆಚ್ಬೀಳ್ತಿದ್ರಲ್ಲ, ತಪ್ಪು ಮಾಡ್ದೋನು ಅಂಗೆ ಬೆಚ್ತಾನ ಅನ್ಕಂಡಿದ್ದಿ ನಾನು," ಎಂದು ಮಂಗಳಗೌರಿ ಅತ್ತಳು. ಅಳುತ್ತ ಅಳುತ್ತ ನಕ್ಕಳು. ಆಮೇಲೆ ಅವನ ಕೈ ಹಿಡಿದುಕೊಂಡು ಪರಿಮಳ ಅವರನ್ನು ಕೇಳಿದಳು. "ಆಚ್ಗೆ ಕೇಳ್ತಾರಲ್ಲ ಮೇಡಮ್, ಏನು ಏಳ್ಲಿ?"

"ಅದು ಅವ್ರ ಮಾತು. ಅವ್ರು ಬೇಡ ಅಂದ್ರೆ ಏನೂ ಬೇಡ."

ವೃಷಭೇಂದ್ರ ಬೇಡವೆಂದು ತಲೆಯಲ್ಲಾಡಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ತೆರೆದಳು.

"ಏನಂತವ್ವ?" ಪುಟ್ಟಬಸಮ್ಮ ಬೆಂಚಿನಿಂದ ಚಿಮ್ಮಿದಳು.

"ಏನಿಲ್ಲ ಕಣಕ್ಕ. ನಮ್ಮಿಬ್ರಲ್ಲೇ ಬಗೆಹರೀತು. ಮಿಕ್ಕುದ್ದ ಏಳಂಗಿಲ್ಲ."

ಪುಟ್ಟಬಸಮ್ಮ ಅವಳ ಕೆಂಪಗಿನ ಕಣ್ಣು ನೋಡಿದಳು, ಹಿಡಿದ ಕೈ ನೋಡಿದಳು, ಕಣ್ಣು ತುಂಬಿಕೊಂಡಳು. "ಅಯ್ಯೋ ನನ್ನವ್ವ! ಕ್ಷಮಿಸ್ಬುಟ್ಟಲ್ಲಾ! ಎಂಥಾ ದೊಡ್ಡ ಗುಣ ನಿಂದು!"

ಚಿಕ್ಕಬಸಪ್ಪ ಗಂಟಲು ಸರಿಮಾಡಿಕೊಂಡು ಎದ್ದರು. "ಅವ್ಳು ಬುಟ್ರೂ ಊರು ಬುಡಕ್ಕಾಗಲ್ಲ. ಎರಡು ತಿಂಗ್ಳಿಂದ ಮೊಣಕಾಲು ನೋವು ಅಂತ ಕಾವಲು ತಪ್ಪುಸ್ಕಂಡವ್ನೆ. ಈಗ ನಾನೇ ಎಣ್ಸುದಿ, ಅದ್ನೆಂಟು ಮೆಟ್ಲು. ಮೇಕೆ ಅತ್ದಂಗೆ ಅತ್ದ! ಪುರ್ಸೊತ್ತು ಜಾಸ್ತಿಯಾದ್ರೆ ಮನ್ಸ ಇಂಗೇ ಕೆಡದು. ಅದ್ಕ ಒಂದೇ ಮದ್ದು. ಇವತ್ತಿಂದ ಮೂರು ತಿಂಗ್ಳು ಕಾಡಂಚಿನ ಅಟ್ಟಣೆ ಕಾವಲು ಇವನೊಬ್ಬಂದೇ."

ವೃಷಭೇಂದ್ರನ ಬಾಯಿ ತೆರೆಯಿತು. ಒಂದೇ ಒಂದು ಮಾತು ಹೇಳಿದರೆ ತಪ್ಪಿಸಿಕೊಳ್ಳಬಹುದಿತ್ತು. ಆ ಮಾತು ಬೀಗದೊಳಗಿತ್ತು, ಬೀಗದ ಕೈ ಅವನಲ್ಲೇ ಇತ್ತು. ಅವನು ಬಾಯಿ ಮುಚ್ಚಿದ.

ಮಂಗಳಗೌರಿಗೆ ತಡೆಯಲಾಗಲಿಲ್ಲ. "ಅಂಗಾರ ನಾನೂ ಓಯ್ತೀನಿ. ಇವ್ರು ಒಬ್ರೇ ಓಗದು ಬ್ಯಾಡ," ಎಂದಳು.

ಪುಟ್ಟಬಸಮ್ಮ ಚಿಕ್ಕಬಸಪ್ಪನ ಕಡೆ ವಾಲಿ, ಕೆಳಗಿನ ಗೊಬ್ಬರದಂಗಡಿಗೂ ಕೇಳಿಸುವಂತೆ ಪಿಸುಗುಟ್ಟಿದಳು:

"ಕಂಡ್ರಾ ಅಣ್ಣ? ಆನೆ ಇರೋ ಕಡ್ಗೂ ಗಂಡನ್ನ ಒಬ್ನೇ ಕಳ್ಸಕ್ಕ ನಂಬ್ಕೆ ಇಲ್ಲ. ಇನ್ನೆಂಥ ಗಿರಾಕಿ ಇರ್ಬೇಕು ಇವ್ನು!"