ಕಳವಾರದ ದಾರಿಯ ಕುದುರೆ ಮ್ಯೂಸಿಯಂ

ಒಂದು ಕಡೆ ಕೂತು, ಬಂದವರಿಗೆ ನಾಲ್ಕು ಮಾತು ಹೇಳುವ ಕೆಲಸ ಅಂತ ಒಪ್ಪಿಕೊಂಡೆ. ಆದರೆ ಕುದುರೆ ಇರುವ ಕಡೆ ಯಾವುದೂ ಸುಮ್ಮನೆ ಕೂರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಕುದುರೆ ಹುಚ್ಚಿನ ನನ್ನ ಗೆಳೆಯರೊಬ್ಬರು ಸ್ಕಂದಗಿರಿಯ ಬುಡದಲ್ಲಿ, ಕಳವಾರದ ದಾರಿಯಲ್ಲಿ, ಮಾರ್ವಾರಿ ತಳಿಯ ಕುದುರೆಗಳಿಗೆಂದೇ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಬಂದವರಿಗೆ ವಿವರಿಸುವುದು ನನ್ನ ಪಾಲಿಗೆ ಬಂತು.

ಕಿವಿಯ ವಿಚಾರ

ಈ ತಳಿಯ ಕಿವಿಗಳು ಒಳಕ್ಕೆ ಬಾಗಿ, ತುದಿಗೆ ತುದಿ ತಾಗುತ್ತವೆ. ಸಾದಲಿಯಿಂದ ಬಂದ ಅಜ್ಜಿಯೊಬ್ಬರು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಅಲ್ಲಪ್ಪಾ, ಹುಟ್ಟಿದಾಗ ಇದಕ್ಕೆ ಎಣ್ಣೆ ಹಚ್ಚಿ ಕಿವಿ ತೀಡೋರು ಯಾರೂ ಇರ್ಲಿಲ್ವಾ?"

"ಅದು ತಳಿಯ ಲಕ್ಷಣ ಕಣಮ್ಮ. ಹಂಗೇ ಇರ್ಬೇಕು."

"ಏನ್ ಲಕ್ಷಣವೋ. ನನ್ನ ಮೊಮ್ಮಗನ ಕಿವೀನೂ ಮೊರದ ಹಂಗೆ ಆಚೆ ಚಾಚ್ಕೊಂಡಿತ್ತು. ದಿನಾ ತೀಡಿ ತೀಡಿ ನಾನೇ ಸರಿ ಮಾಡ್ದೆ."

ಅಲ್ಲಿದ್ದವರೆಲ್ಲ ತಿರುಗಿ, ಅಜ್ಜಿಯ ಹಿಂದೆ ನಿಂತಿದ್ದ ಮೀಸೆ ಹೊತ್ತ ಮೊಮ್ಮಗನ ಕಿವಿ ನೋಡಿದರು. ಅವನು ಮೆಲ್ಲಗೆ ಹೆಲ್ಮೆಟ್ ಹಾಕಿಕೊಂಡ.

ಸುಳ್ಳು ಸೊಂಡಿಲು

ಶಿಡ್ಲಘಟ್ಟದ ಶಾಲೆಯ ಮಕ್ಕಳು ಬಂದಿದ್ದರು. ಹಿಂದೆ ಯುದ್ಧದಲ್ಲಿ ಕುದುರೆಗೆ ಸುಳ್ಳು ಸೊಂಡಿಲು ಕಟ್ಟುತ್ತಿದ್ದರಂತೆ, ಶತ್ರುವಿನ ಆನೆ ಅದನ್ನು ಮರಿಯಾನೆ ಅಂದುಕೊಂಡು ಸುಮ್ಮನಾಗುತ್ತಿತ್ತಂತೆ ಅಂತ ಹೇಳಿದೆ.

"ಆನೆಗೆ ಗೊತ್ತಾಗಲ್ವಾ ಸರ್?" ಅಂತ ಹುಡುಗನೊಬ್ಬ ಕೇಳಿದ.

ಪಕ್ಕದ ಹುಡುಗಿ ಸಮಾಧಾನವಾಗಿ ಅವನಿಗೆ ಹೇಳಿದಳು: "ಸ್ಕೂಲ್ ಡೇ ದಿನ ಮೇಕಪ್ ಹಾಕ್ಕೊಂಡು ಬಂದ್ರೆ ನಮ್ ಮಿಸ್ಸೇ ನಮಗೆ ಗೊತ್ತಾಗಲ್ಲ. ಆನೆಗೆ ಹೆಂಗೋ ಗೊತ್ತಾಗುತ್ತೆ?"

ಟೀಚರ್ ನನ್ನ ಕಡೆ ನೋಡಿದರು. "ಸರ್, ಮುಂದಿನ ರೂಮಿಗೆ ಹೋಗಣ."

ಮುಖ್ಯ ಅತಿಥಿಯ ಸವಾರಿ

ನಮ್ಮಲ್ಲಿ ಜೀವಂತ ಕುದುರೆ ಅಂತ ಇರುವುದು ಒಂದೇ ಮುದಿ ಹೆಣ್ಣುಕುದುರೆ. ವಯಸ್ಸಿದ್ದಾಗ ಚಿಂತಾಮಣಿ ಕಡೆ ಮದುಮಕ್ಕಳ ಮೆರವಣಿಗೆಯಲ್ಲೇ ಜೀವನ ಕಳೆದದ್ದು.

ವಾರ್ಷಿಕೋತ್ಸವಕ್ಕೆ ಗೌರಿಬಿದನೂರಿನಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಪತ್ನೀಸಮೇತ ಮುಖ್ಯ ಅತಿಥಿಯಾಗಿ ಬಂದರು. ಪೇಟ ತೊಡಿಸಿ, ಶಾಲು ಹೊದಿಸಿ, ದಪ್ಪ ಹಾರ ಹಾಕಿದೆವು. ಫೋಟೋಗೆ ಅಂತ ಕುದುರೆ ಮೇಲೂ ಕೂರಿಸಿದೆವು. ಅಷ್ಟರಲ್ಲಿ ಕಾರ್ಯಕ್ರಮಕ್ಕೆ ಕರೆಸಿದ್ದ ಬ್ಯಾಂಡಿನವರು ಬಾರಿಸಲು ಶುರು ಮಾಡಿದರು.

ಕುದುರೆ ಕತ್ತೆತ್ತಿ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾ ಗೇಟು ದಾಟಿತು. ಲಗಾಮು ಹಿಡಿದಿದ್ದ ನನ್ನನ್ನೂ ಎಳೆದುಕೊಂಡೇ ಹೋಯಿತು. ಇದೂ ಕಾರ್ಯಕ್ರಮದ ಭಾಗ ಅಂದುಕೊಂಡು ಬ್ಯಾಂಡಿನವರು ಹಿಂದೆಯೇ ಬಂದರು.

"ಮೇಷ್ಟ್ರೇ, ನಿಲ್ಲಿಸ್ರೀ," ಅಂದರು ಸಾಹೇಬರು.

"ಅದು ನನ್ನ ಮಾತು ಕೇಳ್ತಾ ಇಲ್ಲ ಸರ್," ಅಂದೆ.

ರಸ್ತೆಯಾಚೆಯ ಛತ್ರದಲ್ಲಿ ಮದುವೆ. ಹಳೆಯ ಅಭ್ಯಾಸದಂತೆ ಕುದುರೆ ನೇರ ಅದರ ಬಾಗಿಲಿಗೇ ಹೋಗಿ ನಿಂತಿತು. ಗಂಡನ್ನು ಕಾಯುತ್ತಿದ್ದ ಹೆಂಗಸರು ವಾದ್ಯ ಕೇಳಿ ಆರತಿ ತಟ್ಟೆ ಹಿಡಿದು ಓಡಿಬಂದರು. ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ತೆಲುಗಿನಲ್ಲಿ, "ಫೋಟೋಲೋ ಇಂತ ವಯಸು ಕನಪಡಲೇದೇ," ಅಂದಳು. ಫೋಟೋದಲ್ಲಿ ಇಷ್ಟು ವಯಸ್ಸು ಕಾಣಲಿಲ್ಲವಲ್ಲ ಅಂತ ಅವಳ ಚಿಂತೆ. ಆದರೂ ಆರತಿ ಎತ್ತಿಯೇಬಿಟ್ಟರು.

ಅಷ್ಟರಲ್ಲಿ ಸಾಹೇಬರ ಹೆಂಡತಿ ಏದುಸಿರು ಬಿಡುತ್ತಾ ಓಡಿಬಂದರು. ಹೆಣ್ಣಿನ ತಾಯಿ ಭಕ್ತಿಯಿಂದ ಅವರ ಕೈ ಹಿಡಿದುಕೊಂಡರು: "ಗಂಡಿನ ತಾಯೀನಾ? ಬನ್ನಿ ಬೀಗರೇ, ಒಳಗೆ ಬನ್ನಿ."

ಸಾಹೇಬರ ಹೆಂಡತಿ ಇವತ್ತಿಗೂ ನಮ್ಮ ಮ್ಯೂಸಿಯಂ ಕಡೆ ತಲೆ ಹಾಕಿಲ್ಲ. ಸಾಹೇಬರು ಮಾತ್ರ ಆಗಾಗ ಒಬ್ಬರೇ ಬಂದು ಕುದುರೆಗೆ ಬೆಲ್ಲ ತಿನ್ನಿಸಿ ಹೋಗುತ್ತಾರೆ.